ಉದ್ದ ಪದವನ್ನು ಮುರಿದು ಓದಿ

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿ ಈಗ ಹುಬ್ಬಳ್ಳಿಯಲ್ಲಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮೊದಲ ವರ್ಷದಲ್ಲಿದ್ದೇನೆ. ಇಂಗ್ಲಿಷ್ ಪದಗಳನ್ನು ಎಷ್ಟು ಬಾಯಿಪಾಠ ಮಾಡಿದರೂ ವಾರ್ಡಿನಲ್ಲಿ ನೆನಪಾಗುವುದಿಲ್ಲ. ಕೇಸ್‌ಶೀಟ್ ಕೈಗೆತ್ತಿಕೊಳ್ಳಲು ಭಯ. ಏನು ಮಾಡಲಿ?
– ವಿದ್ಯಾರ್ಥಿನಿ, ಸವಣೂರು

ಉತ್ತರ: ಇಡೀ ಪದದ ಬಾಯಿಪಾಠ ಬಿಡಿ. ಇವುಗಳಲ್ಲಿ ಹೆಚ್ಚಿನವು ಗ್ರೀಕ್, ಲ್ಯಾಟಿನ್ ತುಂಡುಗಳ ಜೋಡಣೆ. ಮೊದಲು ಬಾಲ ಹಿಡಿಯಿರಿ: ‘ಐಟಿಸ್’ ಬಂದರೆ ಉರಿಯೂತ, ‘ಎಕ್ಟಮಿ’ ಬಂದರೆ ಕತ್ತರಿಸಿ ತೆಗೆಯುವುದು, ‘ಈಮಿಯಾ’ ಬಂದರೆ ರಕ್ತದ ಸಂಗತಿ. ನಡುವೆ ಅಂಗದ ಹೆಸರಿರುತ್ತದೆ: ಗ್ಯಾಸ್ಟ್ರೊ ಜಠರ, ಹೆಪಟೊ ಯಕೃತ್ತು, ನೆಫ್ರೊ ಮೂತ್ರಪಿಂಡ. ಈಗ ಗ್ಯಾಸ್ಟ್ರೈಟಿಸ್, ಹೆಪಟೈಟಿಸ್, ನೆಫ್ರೆಕ್ಟಮಿ ಮೂರನ್ನೂ ಯಾರೂ ಹೇಳಿಕೊಡಬೇಕಿಲ್ಲ. ದಿನಕ್ಕೆ 5 ತುಂಡು ಸಾಕು. ಅಂದಿನ ಕೇಸ್‌ಶೀಟಿನಿಂದಲೇ ಆರಿಸಿ, ಜೋರಾಗಿ ಉಚ್ಚರಿಸಿ ಬರೆಯಿರಿ.

ತಲೆಯ ತುಂಡಿನಲ್ಲೇ ಎಡವುವುದು ಹೆಚ್ಚು. ಹೈಪರ್ ಎಂದರೆ ಹೆಚ್ಚು, ಹೈಪೊ ಎಂದರೆ ಕಡಿಮೆ. ಫೋನಿನಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ. ಹಾಗಾಗಿ ‘ಹೈಪೊಟೆನ್ಷನ್’ ಎಂದಷ್ಟೇ ಹೇಳದೆ ‘ಬಿಪಿ 80/50’ ಎಂದು ಅಂಕಿಯನ್ನೂ ಹೇಳಿ.

ಔಷಧದ ಸಂಕೇತಗಳನ್ನು ಮಾತ್ರ ಬಾಯಿಪಾಠ ಮಾಡಲೇಬೇಕು. ‘ಬಿ.ಡಿ.’ ಎಂದರೆ ದಿನಕ್ಕೆ 2 ಸಲ, ಟಿಡಿಎಸ್ 3, ಕ್ಯೂಐಡಿ 4, ಎಚ್‌ಎಸ್ ಮಲಗುವಾಗ, ಎಸ್‌ಒಎಸ್ ಅಗತ್ಯಬಿದ್ದಾಗ. ಎನ್‌ಬಿಎಂ ಎಂದಿದ್ದರೆ ಬಾಯಿಗೆ ಏನೂ ಕೊಡುವಂತಿಲ್ಲ, ಚಹಾ ಸಹ. ಇದನ್ನು ಸಂಬಂಧಿಕರಿಗೂ ಬಿಡಿಸಿ ಹೇಳಿ.

ನೀವು ಬರೆಯುವಾಗ ಇನ್ಸುಲಿನ್‌ಗೆ ‘ಯೂನಿಟ್’ ಎಂದು ಪೂರ್ತಿ ಬರೆಯಿರಿ. 10ರ ಪಕ್ಕ ಬರೇ ‘ಯು’ ಅಕ್ಷರ ಹಾಕಿದರೆ ಅವಸರದಲ್ಲಿ ಅದು ಸೊನ್ನೆಯಾಗಿ, 100 ಎಂದು ಓದಿಬಿಡುತ್ತಾರೆ. 1.0 ಎಂದೂ ಬರೆಯಬೇಡಿ, ಚುಕ್ಕೆ ಮಸುಕಾದರೆ 10 ಆಗುತ್ತದೆ. ಇನ್ಸುಲಿನ್ ವೈಯಲ್ (ಪುಟ್ಟ ಬಾಟಲಿ) ಮೇಲಿನ 40 ಅಥವಾ 100 ಎಂಬ ಅಂಕಿಯೂ (1 ಎಂಎಲ್‌ಗೆ ಎಷ್ಟು ಯೂನಿಟ್ ಎಂಬುದು) ಸಿರಿಂಜಿನ ಅಂಕಿಯೂ ಒಂದೇ ಇರಬೇಕು. 40ರ ಇನ್ಸುಲಿನ್ನನ್ನು 100ರ ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ ರೋಗಿಗೆ ಹೋಗುವುದು 4 ಯೂನಿಟ್ ಮಾತ್ರ. ಸಂಕೇತ ಅರ್ಥವಾಗದಿದ್ದರೆ ಊಹಿಸಬೇಡಿ, ಸಿಸ್ಟರ್ ಅವರನ್ನು ಕೇಳಿ. ಕೇಳುವುದರಲ್ಲಿ ನಾಚಿಕೆಯಿಲ್ಲ.

ಪ್ರಶ್ನೆ: ಹಳ್ಳಿಯಿಂದ ಬಂದ ರೋಗಿಗಳು ಹೇಳಿದ್ದನ್ನು ನರ್ಸ್ ನೋಟ್ಸ್‌ನಲ್ಲಿ ಇಂಗ್ಲಿಷಿಗೆ ತರುವುದು ಹೇಗೆ?
– ಓದುಗ, ಗದಗ

ಉತ್ತರ: ಕೆಲವು ಸಲೀಸು. ‘ದಮ್ಮ ಹತ್ತೇತಿ’ ಅಂದರೆ ಬ್ರೆತ್‌ಲೆಸ್‌ನೆಸ್, ‘ಚಕ್ಕರ ಬರ್ತೈತಿ’ ಅಂದರೆ ಗಿಡ್ಡಿನೆಸ್. ‘ಸಂಡಾಸ ಹತ್ತೇತಿ’ ಎಂದರೆ ಲೂಸ್ ಸ್ಟೂಲ್ಸ್ ಎಂದು ಬರೆದು ಎಷ್ಟು ಸಲ, ರಕ್ತ ಇದೆಯೇ ಎಂದೂ ಸೇರಿಸಿ.

‘ಎದಿ ಹಿಡದೈತಿ’ ಎಂದರೆ ಮಾತ್ರ ಕೂಡಲೇ ಡಾಕ್ಟರಿಗೆ ತಿಳಿಸಿ; ಇಂಗ್ಲಿಷ್ ಪದ ಹುಡುಕುತ್ತ ನಿಲ್ಲಬೇಡಿ. ಡಾಕ್ಟರು ಬರುವಷ್ಟರಲ್ಲಿ ಅವರ ಮಾತಿನಲ್ಲೇ ಕೇಳಿ: ‘ಅಜ್ಜಾರ, ಎಷ್ಟೊತ್ತಿನಿಂದ ಹಿಡದೈತ್ರಿ? ತೋಳಿಗೆ, ದವಡಿಗೆ ನೋವು ಹರೀತೈತೇನ್ರಿ? ಬೆವರು ಬಂತೇನ್ರಿ?’ ಉತ್ತರಗಳನ್ನು ಸಮಯದೊಂದಿಗೆ ಬರೆಯಿರಿ. ಪದ ಹೊಳೆಯದಿದ್ದರೆ ಅವರು ಆಡಿದ ಮಾತನ್ನೇ ಉದ್ಧರಣ ಚಿಹ್ನೆಯೊಳಗೆ ಹಾಕಬಹುದು. ‘ಗ್ಯಾಸ್ ಆಗೈತಿ’ ಎಂದು ರೋಗಿಯೇ ಹೇಳಿದರೂ ಅದು ಅವರ ಅನಿಸಿಕೆ ಎಂದೇ ದಾಖಲಾಗಲಿ, ನಿಮ್ಮ ತೀರ್ಮಾನವಾಗಿ ಅಲ್ಲ.