ಗಂಟಲ ಬಳಿಯ ನೀಲಿ ಕಲ್ಲು

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದವರೊಬ್ಬರ ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟವರು ಒಪ್ಪಿದ್ದಾರೆ. ಹೆಸರು, ವಯಸ್ಸು, ಕೆಲಸ, ಮನೆಯ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಅವರನ್ನು ವೀಣಾ ಎಂದು ಕರೆಯೋಣ. ನಲವತ್ತರ ಆಸುಪಾಸು, ಪಾಠ ಹೇಳುವ ಕೆಲಸ, ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ.

"ಯಾವುದರಲ್ಲೂ ಮನಸ್ಸಿಲ್ಲ ಮೇಡಂ. ಬೆಳಿಗ್ಗೆ ಏಳೋದೇ ಒಂದು ಯುದ್ಧ" ಎಂದು ಮಾತು ಶುರು ಮಾಡಿದರು. ನಿದ್ದೆ ಎಷ್ಟು ಮಾಡಿದರೂ ಸಾಲದು, ಪಾಠದ ಮಧ್ಯೆ ಗೊತ್ತಿರುವ ಹೆಸರೇ ನೆನಪಿಗೆ ಬರುವುದಿಲ್ಲ, ಮಕ್ಕಳ ಮೇಲೆ ಸಿಡಿಮಿಡಿ, ಆಮೇಲೆ ಅದಕ್ಕಾಗಿ ಅಳು. ಮೊದಲ ಭೇಟಿಯಲ್ಲಿ ಎಲ್ಲರನ್ನೂ ಕೇಳುವಂತೆ ಅವರನ್ನೂ ಕೇಳಿದೆ, "ಯಾವುದಾದರೂ ಮಾತ್ರೆ ತಗೊಳ್ತಿದ್ದೀರಾ?" "ಇಲ್ಲ" ಎಂದರು. ನಾನು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದೆ. ಅವರು ಸುಳ್ಳು ಹೇಳಿರಲಿಲ್ಲ. ನನ್ನ ಪ್ರಶ್ನೆಯೇ ಅರ್ಧವಾಗಿತ್ತು. ಅದರಿಂದ ಅವರು ಇನ್ನೂ ಒಂದು ವಾರ ನರಳಿದರು ಎಂಬ ಸಂಕಟ ನನಗೆ ಇವತ್ತಿಗೂ ಇದೆ.

ಎರಡನೇ ಭೇಟಿಗೆ ಶಾಲು ಹೊದ್ದು ಬಂದರು. ನನಗೆ ಫ್ಯಾನ್ ಹಾಕಿಕೊಳ್ಳಬೇಕು ಎನಿಸುವಷ್ಟು ಸೆಕೆ, ಅವರಿಗೆ ಚಳಿ. ದನಿ ಹಿಂದಿನ ವಾರಕ್ಕಿಂತ ದಪ್ಪವಾಗಿತ್ತು, ನೆಗಡಿಯಾದವರ ದನಿಯಂತೆ. ಮಾತಾಡುವಾಗೆಲ್ಲ ಕೈ ಕತ್ತಿಗೆ ಹೋಗುತ್ತಿತ್ತು. ಅಲ್ಲಿ ದಾರದಲ್ಲಿ ಪೋಣಿಸಿದ ಒಂದು ನೀಲಿ ಕಲ್ಲು. ಹೆಬ್ಬೆರಳಿನಿಂದ ಅದನ್ನು ಒಂದೇ ಸಮನೆ ಸವರುತ್ತಿದ್ದರು.

"ಈ ಕಲ್ಲಿನ ಬಗ್ಗೆ ಹೇಳ್ತೀರಾ?" ಎಂದೆ.

ಆ ದಿನದಲ್ಲಿ ಮೊದಲ ಬಾರಿಗೆ ಅವರ ಮುಖ ಅರಳಿತು. ಬಿಚ್ಚಿ ಮೇಜಿನ ಮೇಲಿಟ್ಟರು. ಲ್ಯಾಪಿಸ್ ಲಜುಲಿ. ಕಡು ನೀಲಿಯ ಮೇಲೆ ಹೊನ್ನಿನ ಪುಡಿ ಎರಚಿದಂಥ ಚುಕ್ಕೆಗಳು, ಒಂದು ಅಂಚಿನಲ್ಲಿ ಬಿಳಿಯ ಗೆರೆ. ನೀಲಿ ಭಾಗ ಲಾಜುರೈಟ್, ಚುಕ್ಕೆಗಳು ಪೈರೈಟ್, ಬಿಳಿ ಗೆರೆ ಕ್ಯಾಲ್ಸೈಟ್. ನಮ್ಮ ಹಳೆಯ ಗ್ರಂಥಗಳಲ್ಲಿ ಇದಕ್ಕೆ ರಾಜಾವರ್ತ ಎಂಬ ಚೆಂದದ ಹೆಸರಿದೆ. ಅಫ್ಘಾನಿಸ್ತಾನದ ಬದಕ್ಷಾನದ ಗಣಿಗಳಿಂದ ಸಾವಿರಾರು ವರ್ಷಗಳಿಂದ ಇದನ್ನು ತೆಗೆಯುತ್ತಿದ್ದಾರೆ. ಈಜಿಪ್ಟಿನ ತುತಾಂಖಾಮನ್‌ನ ಚಿನ್ನದ ಮುಖವಾಡದಲ್ಲಿ ಹುಬ್ಬು ಮತ್ತು ಕಣ್ಣಂಚಿಗೆ ಕೂರಿಸಿರುವುದು ಇದೇ ಕಲ್ಲು. ಮನುಷ್ಯ ಇಷ್ಟು ಕಾಲದಿಂದ ಪ್ರೀತಿಸಿದ ವಸ್ತುವನ್ನು ಒಬ್ಬರು ಎದೆಗೆ ಹಾಕಿಕೊಂಡು ಬಂದಾಗ, ಅದು ಬರೀ ಕಲ್ಲು ಎಂದು ಬಾಯಿ ಮುಚ್ಚಿಸುವ ಮನಸ್ಸು ನನಗೆ ಬರುವುದಿಲ್ಲ.

ಕಲ್ಲಿನ ಜೊತೆ ಬಂದ ಪುಟ್ಟ ಕಾರ್ಡನ್ನೂ ಪರ್ಸಿನಿಂದ ತೆಗೆದು ತೋರಿಸಿದರು. ಕೈಬರಹದಲ್ಲಿ ಮೂರು ಸಾಲು: "ವಿಶುದ್ಧಿ ಚಕ್ರ. ಮಾತು, ಸತ್ಯ, ಧೈರ್ಯ. ಗಂಟಲು, ಥೈರಾಯ್ಡ್."

ವಿಶುದ್ಧಿ ಎಂದರೆ ಯೋಗ ಪರಂಪರೆ ಗಂಟಲಲ್ಲಿ ಗುರುತಿಸುವ ಚಕ್ರ, ಅಂದರೆ ಶಕ್ತಿಕೇಂದ್ರ. ಆದರೆ ಕಾರ್ಡಿನ ಕೊನೆಯ ಪದದ ಮೇಲೆ ನನ್ನ ಕಣ್ಣು ನಿಂತಿತು. "ನಿಮಗೆ ಥೈರಾಯ್ಡ್ ತೊಂದರೆ ಇತ್ತಾ?"

"ಇತ್ತು ಮೇಡಂ. ಆರು ವರ್ಷ ಮಾತ್ರೆ ತಗೊಂಡೆ. ಈಗ ನಾಲ್ಕು ತಿಂಗಳಿಂದ ಬಿಟ್ಟಿದ್ದೀನಿ."

ಆಮೇಲೆ ಕಥೆ ಒಂದೊಂದಾಗಿ ಬಿಚ್ಚಿಕೊಂಡಿತು. ಕಲ್ಲು ಕೊಟ್ಟವರು ಹಳೆಯ ಗೆಳತಿ. ಹರಳು ಚಿಕಿತ್ಸೆಯ ತರಗತಿ ಮುಗಿಸಿ, ಪರಿಚಯದವರಿಗೆಲ್ಲ ಕಲ್ಲು ಆರಿಸಿಕೊಡುತ್ತಿದ್ದರು. ವೀಣಾ ಅವರ ಸಂಕಟ ಕೇಳಿ, "ನೀನು ಎಷ್ಟೋ ಮಾತು ನುಂಗಿಕೊಂಡಿದ್ದೀಯ. ಅದೆಲ್ಲ ಗಂಟಲಲ್ಲೇ ಗಂಟಾಗಿದೆ" ಎಂದಿದ್ದರು. ಆ ಮಾತು ಇವರಿಗೆ ನಾಟಿತು. ಏಕೆಂದರೆ ನುಂಗಿಕೊಂಡ ಮಾತುಗಳು ನಿಜವಾಗಿಯೂ ಇದ್ದವು. ತಾಯಿಯ ರಾತ್ರಿಯ ಆರೈಕೆ ಪೂರ್ತಿ ಇವರ ಹೆಗಲ ಮೇಲೆ. ಅಣ್ಣ ಬೇರೆ ಮನೆಯಲ್ಲಿ, ವಾರಕ್ಕೊಮ್ಮೆ ಬಂದು ಸಲಹೆ ಕೊಟ್ಟು ಹೋಗುವವರು. ಅಣ್ಣನೆದುರು ಇವರು ಬಾಯಿ ಬಿಟ್ಟವರೇ ಅಲ್ಲ.

ಮಾತ್ರೆ ಬಿಡು ಎಂದು ಗೆಳತಿ ಹೇಳಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಇಂಥ ಪ್ರಕರಣಗಳಲ್ಲಿ ನಾವು ತಕ್ಷಣ ಒಬ್ಬ ಖಳನನ್ನು ಹುಡುಕುತ್ತೇವೆ. ಕಾರ್ಡಿನ ಆ ಒಂದು ಪದ ಓದಿ, ಕಾಯಿಲೆಯ ಬೇರಿಗೇ ಕಲ್ಲು ಕೈ ಹಾಕಿದೆ ಎಂದ ಮೇಲೆ ಮಾತ್ರೆ ಯಾಕೆ ಎಂದು ವೀಣಾ ತಾವೇ ನಿರ್ಧರಿಸಿದ್ದರು. "ಬಿಟ್ಟ ಮೊದಲ ಎರಡು ವಾರ ಎಷ್ಟು ಹಗುರವಾಗಿದ್ದೆ ಗೊತ್ತಾ? ಮಾತ್ರೆಯಿಲ್ಲದೇ! ಆಗಲೇ ನನಗೆ ನಂಬಿಕೆ ಬಂತು."

ಇಡೀ ಪ್ರಕರಣದ ಕೀಲು ಇರುವುದು ಈ ಎರಡು ವಾರಗಳಲ್ಲಿ. ವೀಣಾ ಬಿಟ್ಟದ್ದು ಲೆವೊಥೈರಾಕ್ಸಿನ್, ಥೈರಾಯ್ಡ್ ಹಾರ್ಮೋನನ್ನು ತುಂಬಿಕೊಡುವ ಮಾತ್ರೆ. ಅದು ನಿಲ್ಲಿಸಿದ ಮರುದಿನವೇ ಮೈಯಿಂದ ಖಾಲಿಯಾಗುವ ಔಷಧಿಯಲ್ಲ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು, ಉಳಿದದ್ದರಲ್ಲಿ ಅರ್ಧ ಇಳಿಯಲು ಮತ್ತೊಂದು ವಾರ. ಹಾಗಾಗಿ ಬಿಟ್ಟ ಮೊದಲ ದಿನಗಳಲ್ಲಿ ಅವರನ್ನು ನಡೆಸುತ್ತಿದ್ದದ್ದು ಹಿಂದೆ ನುಂಗಿದ ಮಾತ್ರೆಗಳೇ. ಹೊಸ ಭರವಸೆಯ ಹುರುಪೂ ಅದಕ್ಕೆ ಸೇರಿತು. ಯಶಸ್ಸೆಲ್ಲ ಕಲ್ಲಿನ ಲೆಕ್ಕಕ್ಕೆ ಹೋಯಿತು. ಆಮೇಲೆ ದಣಿವು, ಚಳಿ, ಮರೆವು, ಮಂಕು ಒಂದೊಂದಾಗಿ ನಿಧಾನಕ್ಕೆ ಬಂದವು. ಅಷ್ಟು ನಿಧಾನಕ್ಕೆ ಬಂದದ್ದನ್ನು ಯಾರೂ ಮಾತ್ರೆ ಬಿಟ್ಟ ದಿನಕ್ಕೆ ಜೋಡಿಸುವುದಿಲ್ಲ. ದನಿ ದಪ್ಪವಾದಾಗ ಗೆಳತಿ, "ಹಳೆಯದೆಲ್ಲ ಹೊರಗೆ ಬರ್ತಿದೆ, ಹೀಲಿಂಗ್ ಕ್ರೈಸಿಸ್" ಎಂದು, ವಾಸಿಯಾಗುವ ಮೊದಲು ತೊಂದರೆ ಹೆಚ್ಚುತ್ತದೆ ಎಂಬ ಅರ್ಥದಲ್ಲಿ, ಸಮಾಧಾನ ಹೇಳಿದ್ದರು. ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ದನಿ ಗೊಗ್ಗರಾಗುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಲಕ್ಷಣ.

ಅವತ್ತು ಮನಸ್ಸಿನ ವಿಷಯ ಬದಿಗಿಟ್ಟೆ. "ವೀಣಾ ಅವರೇ, ಕಲ್ಲು ನಿಮ್ಮ ಹತ್ತಿರವೇ ಇರಲಿ. ಆದರೆ ನಾಳೆ ಬೆಳಿಗ್ಗೆಯೇ ನಿಮ್ಮ ಡಾಕ್ಟರನ್ನು ನೋಡಿ. ಮಾತ್ರೆ ಬಿಟ್ಟದ್ದನ್ನು ಅವರಿಂದ ಮುಚ್ಚಿಡಬೇಡಿ. ಹಳೆಯ ಡಬ್ಬಿ ತೆಗೆದು ನೀವೇ ಲೆಕ್ಕ ಹಾಕಿ ಶುರು ಮಾಡಲೂಬೇಡಿ. ಎಷ್ಟರಿಂದ ಶುರು ಅನ್ನೋದನ್ನು ಅವರೇ ಹೇಳಬೇಕು" ಎಂದೆ. ವೈದ್ಯರು ಬೈಯುತ್ತಾರೆಂಬ ಅಳುಕು ಅವರಿಗಿತ್ತು. ಅವರ ಎದುರೇ ಕೂತು ವೈದ್ಯರಿಗೆ ನಾಲ್ಕು ಸಾಲಿನ ಪತ್ರ ಬರೆದು ಕೈಗೆ ಕೊಟ್ಟೆ. ಮೂರನೇ ದಿನ ಫೋನ್ ಬಂತು. ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ ರಕ್ತದಲ್ಲಿ ಏರುವ, ಸಾಮಾನ್ಯವಾಗಿ 4ರ ಒಳಗಿರಬೇಕಾದ ಟಿಎಸ್‌ಎಚ್ 38 ಇತ್ತು.

ಮೂರನೇ ಭೇಟಿಯಲ್ಲಿ ಅವರು ಕೇಳಿದ ಪ್ರಶ್ನೆ ನನ್ನನ್ನು ಕಲಕಿತು. "ಅಂದರೆ ಮೇಡಂ, ನಾನು ಮಾತಾಡದೇ ಇದ್ದಿದ್ದಕ್ಕೇ ಈ ಕಾಯಿಲೆ ಬಂತಾ? ನನ್ನ ಕೈಯಾರೆ ತಂದುಕೊಂಡೆನಾ?" ಚಕ್ರ ಮತ್ತು ಕಲ್ಲಿನ ಭಾಷೆ ಅವರಿಗೆ ನೆಮ್ಮದಿ ಕೊಟ್ಟಿತ್ತು ನಿಜ, ಆದರೆ ಒಳಗೊಳಗೇ ಒಂದು ಅಪವಾದವನ್ನೂ ಹೊರಿಸಿತ್ತು. ಕಾಯಿಲೆಗೆ ನಿನ್ನ ಮೌನವೇ ಕಾರಣ ಎಂದರೆ, ವಾಸಿಯಾಗದಿದ್ದಾಗ ತಪ್ಪೂ ನಿನ್ನದೇ ಆಗುತ್ತದೆ.

ಅವರ ಹಳೆಯ ವರದಿ ತರಿಸಿ ನೋಡಿದೆವು. ಥೈರಾಯ್ಡ್ ಗ್ರಂಥಿಯ ವಿರುದ್ಧದ ಪ್ರತಿಕಾಯಗಳು ಆಗಲೇ ಪತ್ತೆಯಾಗಿದ್ದವು. ಮೈಯ ರಕ್ಷಣಾ ವ್ಯವಸ್ಥೆ ತನ್ನದೇ ಗ್ರಂಥಿಯ ಮೇಲೆ ಏರಿಹೋಗುವ ಈ ಕಾಯಿಲೆಯನ್ನು 1912ರಲ್ಲಿ ಹಕಾರು ಹಶಿಮೊಟೊ ಎಂಬ ಜಪಾನಿ ವೈದ್ಯರು ವಿವರಿಸಿದರು. ಅಣ್ಣನೊಂದಿಗೆ ದಿನಾ ಜಗಳವಾಡುವ ತಂಗಿಗೂ ಅದು ಬರಬಹುದು. ಮಾತ್ರೆ ಬೇರನ್ನು ಮುಟ್ಟುವುದಿಲ್ಲ, ಬರೀ ಅದುಮಿಡುತ್ತದೆ ಎಂಬ ಭಾವನೆಯೂ ಅವರಲ್ಲಿತ್ತು. ಅದಕ್ಕೆ ಜಾರ್ಜ್ ಮರ್ರೆಯ ರೋಗಿಯ ಕಥೆ ಹೇಳಿದೆ. 1891ರಲ್ಲಿ ಆ ಇಂಗ್ಲಿಷ್ ವೈದ್ಯರು, ಥೈರಾಯ್ಡ್ ಬತ್ತಿಹೋಗಿದ್ದ 46 ವರ್ಷದ ಮಹಿಳೆಗೆ ಕುರಿಯ ಥೈರಾಯ್ಡಿನ ರಸವನ್ನು ಚುಚ್ಚಿ ಕೊಟ್ಟರು. ಆಕೆ ಮತ್ತೆ ಚೇತರಿಸಿಕೊಂಡು, ಚಿಕಿತ್ಸೆ ಮುಂದುವರಿಸಿ, ಇನ್ನೂ 28 ವರ್ಷ ಬಾಳಿದರು. ಮೈ ತಾನೇ ಮಾಡಿಕೊಳ್ಳಲಾಗದ ಪದಾರ್ಥವನ್ನು ತುಂಬಿಕೊಡುವುದು ಅದುಮಿಡುವುದಲ್ಲ. ಕನ್ನಡಕ ಹಾಕಿಕೊಂಡವರು ಕಣ್ಣನ್ನು ಅದುಮಿಟ್ಟರು ಎನ್ನುತ್ತೇವೆಯೇ?

ಚಕ್ರದ ವಿಷಯವನ್ನು ನಾನಾಗಿ ಎತ್ತಲಿಲ್ಲ, ಅವರೇ ಕೇಳಿದರು. 1577ರಲ್ಲಿ ಪೂರ್ಣಾನಂದರು ಬರೆದ ಷಟ್ಚಕ್ರನಿರೂಪಣದಲ್ಲಿ ವಿಶುದ್ಧಿಗೆ ಹದಿನಾರು ದಳ, ಹೊಗೆಯ ಬಣ್ಣ, ಆಕಾಶ ತತ್ತ್ವ. ಅದೊಂದು ಸಾಧನೆಯ ದಾರಿಯ ವರ್ಣನೆ. ಚಕ್ರಗಳನ್ನು ಹಾರ್ಮೋನು ಗ್ರಂಥಿಗಳಿಗೆ ಗಂಟುಹಾಕಿದ್ದು ಇಪ್ಪತ್ತನೇ ಶತಮಾನದ ಬರಹಗಳು, ಒಂದೊಂದಕ್ಕೂ ಕಾಮನಬಿಲ್ಲಿನ ಒಂದೊಂದು ಬಣ್ಣ ಹಂಚಿದ್ದೂ ಅವೇ. ಗಂಟಲಿಗೆ ನೀಲಿ ಬಂದದ್ದು ಹಾಗೆ. ಆ ನೀಲಿಯ ಹಿಂದೆ ಲ್ಯಾಪಿಸ್, ಅಕ್ವಾಮರೀನ್, ಸೋಡಲೈಟ್ ಎಲ್ಲ ಸಾಲಾಗಿ ಬಂದವು. ಪರಂಪರೆಯ ಮೇಲಿನ ಗೌರವದಿಂದ ಮಾತ್ರೆ ಬಿಟ್ಟೆ ಎಂದುಕೊಂಡಿದ್ದ ವೀಣಾ, ಆ ಪರಂಪರೆ ತಮ್ಮಿಂದ ಅದನ್ನು ಕೇಳಿಯೇ ಇರಲಿಲ್ಲ ಎಂದು ತಿಳಿದು ಬಹಳ ಹೊತ್ತು ಸುಮ್ಮನೆ ಕೂತರು.

"ಹಾಗಾದರೆ ಕೈಯಲ್ಲಿ ಹಿಡಿದಾಗ ಬೆಚ್ಚಗಾಗೋದು, ಜುಮ್ಮೆನ್ನೋದು ಸುಳ್ಳಾ?"

ಸುಳ್ಳಲ್ಲ ಎಂದೆ. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನ ಮನಶ್ಶಾಸ್ತ್ರಜ್ಞ ಕ್ರಿಸ್ಟೋಫರ್ ಫ್ರೆಂಚ್ 80 ಜನರ ಮೇಲೆ ಒಂದು ಪ್ರಯೋಗ ನಡೆಸಿ 2001ರಲ್ಲಿ ಮಂಡಿಸಿದ್ದರು. ಕೆಲವರ ಕೈಗೆ ನಿಜವಾದ ಹರಳು, ಕೆಲವರಿಗೆ ನಕಲಿ. ಜುಮ್ಮೆನ್ನುವುದು, ಬೆಚ್ಚಗಾಗುವುದು ಎರಡೂ ಗುಂಪಿನವರ ಅನುಭವಕ್ಕೆ ಬಂತು. ಅನುಭವ ನಿಜ, ಅದು ಹೊರಡುವ ಜಾಗ ಕಲ್ಲಲ್ಲ. ಐದು ನಿಮಿಷ ಕಣ್ಣು ಮುಚ್ಚಿ, ಉಸಿರು ನಿಧಾನ ಮಾಡಿ, ತಂಪಾದ ನುಣುಪಾದ ವಸ್ತುವೊಂದನ್ನು ಸವರುತ್ತಾ ಕೂತರೆ ಯಾರಿಗೂ ಎದೆ ಹಗುರಾಗುತ್ತದೆ. ಅಷ್ಟನ್ನು ಮಾಡಿದ್ದು ವೀಣಾ ಅವರೇ. ಶ್ರೇಯಸ್ಸು ಅವರಿಗೆ ಸಲ್ಲಬೇಕು.

ಕಲ್ಲನ್ನು ನಾನು ಬಿಡಿಸಲಿಲ್ಲ, ಬೇರೆ ಕೆಲಸಕ್ಕೆ ಹಚ್ಚಿದೆ. ರಾತ್ರಿ ಮಲಗುವಾಗ ಅದನ್ನು ಕತ್ತಿನಿಂದ ತೆಗೆದು ಮಾತ್ರೆಯ ಡಬ್ಬಿಯ ಮೇಲಿಡುವುದು. ಬೆಳಿಗ್ಗೆ ಕೈ ಮೊದಲು ಕಲ್ಲಿಗೆ ಹೋಗುತ್ತದೆ, ಅದರ ಕೆಳಗೆ ಮಾತ್ರೆ. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ, ಆಮೇಲೆ ಕಲ್ಲು ಕಟ್ಟಿಕೊಂಡು, ಅರ್ಧ ಗಂಟೆಗೂ ಹೆಚ್ಚು ಕಾಲ ಏನೂ ತಿನ್ನದೆ ಇರುವುದು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿದ್ದರೆ ನಾಲ್ಕು ಗಂಟೆ ಬಿಟ್ಟು. ಆರು ವರ್ಷ ಮಾತ್ರೆ ನುಂಗುವಾಗಲೆಲ್ಲ 'ನಾನು ರೋಗಿ' ಎಂದು ಕುಗ್ಗುತ್ತಿದ್ದವರಿಗೆ, ತಾವು ಮುದ್ದಿಸುವ ವಸ್ತುವಿನ ಪಕ್ಕದಲ್ಲೇ ಅದು ಕೂತದ್ದು ಹಿತವೆನಿಸಿತು.

ಒಂದು ವಿಷಯದಲ್ಲಿ ಮಾತ್ರ ಖಡಾಖಂಡಿತವಾಗಿ ಬೇಡವೆಂದೆ. ರಾತ್ರಿಯಿಡೀ ಕಲ್ಲು ನೆನೆಸಿದ ನೀರನ್ನು ಅವರು ಕುಡಿಯುತ್ತಿದ್ದರು. ಲ್ಯಾಪಿಸ್‌ನ ನೀಲಿಯೇ ಗಂಧಕದಿಂದ ಬಂದದ್ದು, ಜೊತೆಗೆ ಪೈರೈಟ್ ಬೇರೆ. ಅಗ್ಗದ ಕಲ್ಲಿಗೆ ಬಣ್ಣ ಹಾಕಿ ಲ್ಯಾಪಿಸ್ ಎಂದು ಮಾರುವುದೂ ಉಂಟು. ಅವರ ಪೆಟ್ಟಿಗೆಯಲ್ಲಿ ಅಜುರೈಟ್ ಎಂಬ ಇನ್ನೊಂದು ನೀಲಿ ಕಲ್ಲೂ ಇತ್ತು. ಅದು ತಾಮ್ರದ ಕಾರ್ಬೊನೇಟ್, ಮೆತ್ತಗಿನ ಕಲ್ಲು, ಚಾಕುವಿನಿಂದ ಗೀರಿದರೆ ಪುಡಿ ಉದುರಿಸಬಲ್ಲ ತುಣುಕು. ಅದನ್ನು ನೀರಿಗೆ ಹಾಕಿ ಕುಡಿಯುವುದು ಅಪಾಯ. ಕಲ್ಲು ಮೈಮೇಲಿರಲಿ, ಹೊಟ್ಟೆಗೆ ಬೇಡ.

ಇನ್ನು ನುಂಗಿದ ಮಾತು. ಅದಕ್ಕೂ ಗ್ರಂಥಿಗೂ ನಂಟಿಲ್ಲ ಎಂದ ಮಾತ್ರಕ್ಕೆ ಅದನ್ನು ಗಂಟಲಲ್ಲೇ ಬಿಡಬೇಕೆಂದೇನೂ ಇಲ್ಲ. ಗೆಳತಿ ಆ ಒಂದನ್ನು ಸರಿಯಾಗಿ ಗುರುತಿಸಿದ್ದರು. ಆದರೆ ಮೈಯಲ್ಲಿ ತ್ರಾಣವಿಲ್ಲದಾಗ ಅಂಥ ಮಾತಿಗೆ ಇಳಿಯಬಾರದು, ಅಳು ಮಾತ್ರ ಬರುತ್ತದೆ. ಎರಡು ತಿಂಗಳು ಕಾದೆವು. ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಇಳಿದದ್ದು ಕಂಡ ಮೇಲೆ ಅಣ್ಣನಿಗೆ ಹೇಳಬೇಕಾದ್ದನ್ನು ಬರೆಯಲು ಕೂತೆವು. ಮೊದಲ ಕರಡು ಎರಡು ಪುಟ, ಹತ್ತು ವರ್ಷದ ಲೆಕ್ಕ. ಹೊಡೆದು ಹಾಕುತ್ತಾ ಬಂದೆವು. ಉಳಿದದ್ದು ಇಷ್ಟು: "ಅಣ್ಣಾ, ವಾರದಲ್ಲಿ ಎರಡು ರಾತ್ರಿ ಅಮ್ಮನ್ನ ನೀನು ನೋಡ್ಕೋಬೇಕು. ನನ್ನ ಕೈಲಿ ಆಗ್ತಿಲ್ಲ. ಯಾವ ಎರಡು ದಿನ ಅಂತ ನೀನೇ ಹೇಳು." ನನ್ನೆದುರು ಅದನ್ನು ಆರೇಳು ಸಲ ಹೇಳಿದರು. ಮೊದಲ ಸಲ 'ಆಗ್ತಿಲ್ಲ' ಬಂದಾಗ ಕೈ ಕಲ್ಲಿಗೆ ಹೋಯಿತು. ಹಿಡಿದುಕೊಂಡೇ ಹೇಳಿ ಎಂದೆ.

ಅಣ್ಣ ಮೊದಲು ರೇಗಿದರಂತೆ, ನಾಲ್ಕು ದಿನ ಫೋನ್ ಎತ್ತಲಿಲ್ಲವಂತೆ. ಐದನೇ ದಿನ ತಾವಾಗಿಯೇ ಬಂದು ಒಂದು ರಾತ್ರಿಗೆ ಒಪ್ಪಿಕೊಂಡರು. ಕೇಳಿದ್ದು ಎರಡು, ಸಿಕ್ಕಿದ್ದು ಒಂದು. ಆ ಒಂದು ರಾತ್ರಿ ವೀಣಾ ಪೂರ್ತಿ ಎಂಟು ಗಂಟೆ ನಿದ್ದೆ ಮಾಡಿದರು.

ನನ್ನ ರೂಢಿಯೂ ಬದಲಾಗಿದೆ. ಮೊದಲ ಭೇಟಿಯಲ್ಲಿ ಈಗ ಎರಡು ಪ್ರಶ್ನೆ ಕೇಳುತ್ತೇನೆ. ಏನು ತಗೊಳ್ತಿದ್ದೀರಿ, ಏನು ನಿಲ್ಲಿಸಿದ್ದೀರಿ? ಎರಡನೆಯದನ್ನು ಕೇಳಿದ ಮೇಲೆ ಸ್ವಲ್ಪ ಹೊತ್ತು ಕಾಯುತ್ತೇನೆ, ಏಕೆಂದರೆ ಉತ್ತರ ತಡವಾಗಿ ಬರುತ್ತದೆ.

ಗೆಳತಿಗೆ ಹೇಗೆ ಹೇಳುವುದು ಎಂಬ ಚಿಂತೆ ಕೊನೆಯವರೆಗೂ ಉಳಿದಿತ್ತು. ಸ್ನೇಹ ಮುರಿಯಬೇಕೆಂದಿಲ್ಲ, ಆದದ್ದನ್ನು ಆದಂತೆ ಹೇಳಿ ಎಂದಿದ್ದೆ. ಕೊನೆಯ ಭೇಟಿಗೆ ವೀಣಾ ಒಂದು ಹೊಸ ಕಾರ್ಡು ತಂದು ಮೇಜಿನ ಮೇಲಿಟ್ಟರು. ಅದೇ ಕೈಬರಹ. ಕಥೆ ಕೇಳಿ ಗೆಳತಿ ಅತ್ತುಬಿಟ್ಟರಂತೆ, ಆಮೇಲೆ ಮನೆಯಲ್ಲಿದ್ದ ಕಾರ್ಡುಗಳನ್ನೆಲ್ಲ ಮುಂದಿಟ್ಟುಕೊಂಡು ಕೂತರಂತೆ. ಕೊನೆಯ ಸಾಲಿನಲ್ಲಿ 'ಥೈರಾಯ್ಡ್' ಎಂಬ ಪದವನ್ನು ಪೆನ್ನಿನಿಂದ ಹೊಡೆದು, ಕೆಳಗೆ ಇಷ್ಟು ಬರೆದಿದ್ದರು: "ಯಾವ ಮಾತ್ರೆಯನ್ನೂ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಈ ನೀರು ಕುಡಿಯಬೇಡಿ."