ತಂಗಿಯ ಮಾತ್ರೆ

ಹೆಸರು ಬದಲಿಸಿದ್ದೇನೆ, ಊರು ಹೇಳುವುದಿಲ್ಲ. ಬರೆಯಲು ಅವರೇ ಒಪ್ಪಿದರು. "ಬರೀರಿ ಮೇಡಂ, ನನ್ನ ಹಾಗೆ ಇನ್ನೊಬ್ಬರು ಮುಚ್ಚಿಡೋದು ಬೇಡ" ಅಂದರು.

ಸರೋಜಮ್ಮ ಅನ್ನೋಣ. ವಯಸ್ಸು 53, ಮುಟ್ಟು ನಿಂತು ಮೂರು ವರ್ಷ. ಅಮ್ಮ ನಿದ್ದೆ ಮಾಡ್ತಿಲ್ಲ, ಎಲ್ಲದಕ್ಕೂ ಸಿಡುಕ್ತಾರೆ ಅಂತ ಮಗಳು ಆಪ್ತ ಸಮಾಲೋಚಕಿಯಾದ ನನ್ನ ಹತ್ತಿರ ಕರೆತಂದಿದ್ದಳು. ಒಳಗೆ ಬಂದವರೇ ಕುರ್ಚಿಯನ್ನು ಫ್ಯಾನಿನ ಕೆಳಗೆ ಎಳೆದುಕೊಂಡು ಕೂತರು. ಡಿಸೆಂಬರ್ ತಿಂಗಳು, ನಾನು ಸ್ವೆಟರ್ ಹಾಕಿಕೊಂಡಿದ್ದೆ, ಅವರ ಕುತ್ತಿಗೆಯ ಹಿಂದೆ ಬೆವರು ಇಳಿಯುತ್ತಿತ್ತು. ರಾತ್ರಿ ಎರಡು ಗಂಟೆಗೆ ಎದೆಯಿಂದ ಮುಖದವರೆಗೆ ಬೆಂಕಿ ಹತ್ತಿದ ಹಾಗಾಗಿ ಎದ್ದು, ಹಿತ್ತಲಿನ ಒಗೆಯೋ ಕಲ್ಲಿನ ಮೇಲೆ ಹೋಗಿ ಕೂರುತ್ತಿದ್ದರಂತೆ. ಕಲ್ಲು ತಣ್ಣಗಿರುತ್ತೆ ಅಂತ.

ಮಗಳನ್ನು ಸ್ವಲ್ಪ ಹೊರಗೆ ಕೂರಲು ಹೇಳಿದೆ. ಆಮೇಲೆ ಬಂತು ನಿಜವಾದ ವಿಷಯ. ಪರ್ಸಿನಿಂದ ಕರ್ಚೀಫ್ ತೆಗೆದರು, ಅದರೊಳಗೆ ಒಂದು ಮಾತ್ರೆ ಸ್ಟ್ರಿಪ್. ತಂಗಿಗೆ 38ನೇ ವಯಸ್ಸಿನಲ್ಲಿ ಆಪರೇಷನ್ ಮಾಡಿ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದಿದ್ದಾರೆ. ಅವಳಿಗೆ ಬರೆದುಕೊಟ್ಟ ಈಸ್ಟ್ರೋಜೆನ್ ಅನ್ನುವ ಹೆಣ್ಣು ಹಾರ್ಮೋನಿನ ಮಾತ್ರೆ ಅದು. ಅವಳಿಗೆ ಆರಾಮಾಯಿತಲ್ಲ ಅಂತ, ಅವಳದೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ತಂದು, ಇವರು ಒಂದು ವರ್ಷದಿಂದ ನುಂಗುತ್ತಿದ್ದರು. ಮೊದಮೊದಲು ಬಿಸಿ ಕಡಿಮೆಯಾಗಿತ್ತು. ಆಮೇಲೆ ಹಾರ್ಮೋನ್ ಮಾತ್ರೆಯಿಂದ ಕ್ಯಾನ್ಸರ್ ಬರುತ್ತೆ ಅಂತ ಮಗಳು ಎಲ್ಲೋ ಓದಿದ್ದನ್ನು ಊಟದ ಹೊತ್ತಲ್ಲಿ ಹೇಳಿದಳಂತೆ. ಅವತ್ತಿನಿಂದ ಭಯ. ಒಂದು ವಾರ ಬಿಡುವುದು, ಬೆವರು ತಡೆಯಲಾಗದೆ ಮತ್ತೆ ಶುರು ಮಾಡುವುದು. ಯಾರಿಗೂ ಹೇಳಿಲ್ಲ.

ಆ ಭಯ ಸುಮ್ನೆ ಬಂದದ್ದಲ್ಲ. ಅವರ ಅತ್ತೆ ಸ್ತನ ಕ್ಯಾನ್ಸರಿನಿಂದ ತೀರಿಕೊಂಡವರು. ಎರಡು ವರ್ಷ ಗಾಯ ತೊಳೆದು ಬಟ್ಟೆ ಕಟ್ಟಿದ್ದು ಇವರೇ. "ನಮ್ಮ ಮನೇಲೇ ಇದೆ ಮೇಡಂ ಆ ಕಾಯಿಲೆ" ಅಂದರು. ಅತ್ತೆಯ ಕಾಯಿಲೆ ಸೊಸೆಗೆ ರಕ್ತದಲ್ಲಿ ಬರುವುದಿಲ್ಲ, ನಿಮ್ಮ ತಾಯಿ, ಅಕ್ಕತಂಗಿಯರಿಗೆ ಇದ್ದರೆ ಅದು ಬೇರೆ ಲೆಕ್ಕ ಅಂದೆ. ಸುಮಾರು ಹೊತ್ತು ಅತ್ತರು.

ಅತ್ತ ಮೇಲೆ ಇನ್ನೊಂದು ಮಾತು ಹೇಳಿದರು. ಐದು ತಿಂಗಳಿಂದ ಆಗಾಗ ರಕ್ತ ಕಾಣಿಸುತ್ತಿದೆ. ಮುಟ್ಟು ವಾಪಸ್ ಬಂತು, ಮೈಗೆ ಮತ್ತೆ ಶಕ್ತಿ ಬಂದಿದೆ ಅಂದುಕೊಂಡಿದ್ದರಂತೆ. ನನಗೆ ಎದೆ ಧಸಕ್ಕೆಂದಿತು.

ನಾನು ಡಾಕ್ಟರ್ ಅಲ್ಲ, ಔಷಧಿ ಹೇಳುವುದು ನನ್ನ ಕೆಲಸವೂ ಅಲ್ಲ. ಆದರೆ ಇದನ್ನು ಅವತ್ತೇ ನೇರವಾಗಿ ಹೇಳಿದೆ. ಮುಟ್ಟು ನಿಂತು ಒಂದು ವರ್ಷ ದಾಟಿದ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಲೇಬೇಕು. ಇದನ್ನು ಮುಂದೂಡುವ ಹಾಗಿಲ್ಲ. ತಂಗಿಗೆ ಗರ್ಭಕೋಶ ಇಲ್ಲ, ನಿಮಗೆ ಇದೆ, ಅಲ್ವಾ? ಈಸ್ಟ್ರೋಜೆನ್ ಒಂದನ್ನೇ ತೆಗೆದುಕೊಂಡರೆ ಗರ್ಭಕೋಶದ ಒಳಪದರ ಬೆಳೆಯುತ್ತಾ ಹೋಗುತ್ತದೆ. ಅದನ್ನು ತಡೆಯಲು ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹಾರ್ಮೋನ್ ಜೊತೆಗಿರಬೇಕು. ಇಲ್ಲದಿದ್ದರೆ ಆ ಪದರದಲ್ಲೇ ಕ್ಯಾನ್ಸರ್ ಆಗಬಹುದು. ಅಮೆರಿಕದಲ್ಲಿ 1975ರಲ್ಲೇ ಗೊತ್ತಾದ ವಿಷಯ ಇದು. ಇವರು ಸ್ತನಕ್ಕೆ ಹೆದರಿಕೊಂಡು ಕೂತಿದ್ದರು, ತೊಂದರೆ ಗರ್ಭಕೋಶದಲ್ಲಿ ಬೆಳೆಯುತ್ತಿತ್ತು.

ಮಾರನೇ ದಿನ ಸ್ತ್ರೀರೋಗ ತಜ್ಞೆಯ ಹತ್ತಿರ ಹೋದರು. ಸ್ಟ್ರಿಪ್ ಮರೆಯದೆ ತಗೊಂಡು ಹೋಗಿ, ತಂಗಿಯದು ಅಂತಲೂ ಹೇಳಿ ಅಂದಿದ್ದೆ. ಸ್ಕ್ಯಾನಿಂಗ್‌ನಲ್ಲಿ ಒಳಪದರ ದಪ್ಪ ಇತ್ತು, ಅದರ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಆಯಿತು. ರಿಪೋರ್ಟ್ ಬರುವವರೆಗೆ ದಿನಾ ಸಂಜೆ ನನಗೆ ಫೋನ್ ಮಾಡುತ್ತಿದ್ದರು. ಕ್ಯಾನ್ಸರ್ ಇರಲಿಲ್ಲ, ಪದರ ಅತಿಯಾಗಿ ಬೆಳೆದಿತ್ತು ಅಷ್ಟೆ. ಆ ಮಾತ್ರೆ ನಿಲ್ಲಿಸಿ ಪ್ರೊಜೆಸ್ಟರಾನ್ ಕೊಟ್ಟರು. ಆರು ತಿಂಗಳ ನಂತರದ ಬಯಾಪ್ಸಿ ಸರಿ ಇತ್ತು.

ಬೆವರು ಮಾತ್ರ ಹಾಗೇ ಇತ್ತು. ಮುಂದೆ ಡಾಕ್ಟರ್ ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಎರಡೂ ಇರುವ ಸರಿಯಾದ ಜೋಡಿ ಹಾರ್ಮೋನ್ ಬರೆದರೆ ತಗೊಳ್ಳಲೋ ಬೇಡವೋ ಅಂತ ಕೇಳಿದರು. ನನ್ನ ಮೇಜಿನ ಮೇಲೆ ಒಂದು ಡಬ್ಬಿಯಲ್ಲಿ ಹುಣಸೆ ಬೀಜ ಇಟ್ಟಿದ್ದೇನೆ, ಸರಿಯಾಗಿ ನೂರು. ಸುರಿದೆ. ಪಾಶ್ಚಾತ್ಯ ದೇಶಗಳ ಲೆಕ್ಕ ಇದು, 2019ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. ಹಾರ್ಮೋನ್ ಮುಟ್ಟದ ನೂರು ಹೆಂಗಸರಲ್ಲಿ 50ರಿಂದ 69ರೊಳಗೆ ಸ್ತನ ಕ್ಯಾನ್ಸರ್ ಬರುವುದು ಸುಮಾರು ಆರು ಜನರಿಗೆ. ಆರು ಬೀಜ ಬದಿಗಿಟ್ಟೆ. 50ಕ್ಕೆ ಶುರು ಮಾಡಿ ಐದು ವರ್ಷ ದಿನಾ ಜೋಡಿ ಹಾರ್ಮೋನ್ ತಗೊಂಡರೆ ಎಂಟು. ಇನ್ನೆರಡು ಬೀಜ ಇಟ್ಟೆ. ಅವರು ಆ ಎರಡನ್ನು ಬೆರಳಲ್ಲಿ ಒತ್ತಿ ಹಿಡಿದುಕೊಂಡರು. ನಮ್ಮ ದೇಶದಲ್ಲಿ ಈ ಕಾಯಿಲೆಯ ಪ್ರಮಾಣ ಮೊದಲೇ ಕಡಿಮೆ. 2002ರಲ್ಲಿ ಜೋಡಿ ಹಾರ್ಮೋನ್ ಬಗ್ಗೆ ಅಮೆರಿಕದ ದೊಡ್ಡ ಅಧ್ಯಯನ ಅರ್ಧಕ್ಕೆ ನಿಂತಾಗ ಸ್ತನ ಕ್ಯಾನ್ಸರ್ ಶೇಕಡಾ 26 ಜಾಸ್ತಿ ಅಂತ ಸುದ್ದಿಯಾಗಿ ಜಗತ್ತೇ ಬೆಚ್ಚಿತ್ತು. ಹತ್ತು ಸಾವಿರ ಹೆಂಗಸರಲ್ಲಿ ವರ್ಷಕ್ಕೆ 30 ಇದ್ದದ್ದು 38 ಆಗಿತ್ತು. ಅಪಾಯ ಇದೆ, ಸುಳ್ಳಲ್ಲ. ಎಷ್ಟಿದೆ ಅಂತ ಕಣ್ಣಾರೆ ನೋಡಿ ತೀರ್ಮಾನಿಸಿ ಅಂದೆ. ಎರಡು ಬೀಜಕ್ಕೆ ಹೆದರುವವರೂ ಇದ್ದಾರೆ, ನಿದ್ದೆ ಸಿಕ್ಕರೆ ಸಾಕು ಅನ್ನುವವರೂ ಇದ್ದಾರೆ, ಇಬ್ಬರೂ ಸರಿಯೇ.

ಸರೋಜಮ್ಮ ಬೇಡ ಅಂದರು. ಡಾಕ್ಟರ್ ಹಾರ್ಮೋನ್ ಅಲ್ಲದ ವೆನ್ಲಾಫ್ಯಾಕ್ಸಿನ್ ಕಡಿಮೆ ಡೋಸಿನಲ್ಲಿ ಕೊಟ್ಟರು. ಖಿನ್ನತೆಯ ಮಾತ್ರೆ ಅದು, ಬಿಸಿ ಏರುವುದಕ್ಕೂ ಕೆಲಸ ಮಾಡುತ್ತೆ. ನನಗೇನು ಹುಚ್ಚಾ ಅಂತ ಸಿಟ್ಟಾದರು, ಅದಕ್ಕೆ ಒಂದು ಗಂಟೆ ಮಾತಾಡಬೇಕಾಯಿತು. ನನ್ನ ಜೊತೆ ಆರು ವಾರ ಬಂದರು. ಬಿಸಿ ಏರಿದ ತಕ್ಷಣ "ಅಯ್ಯೋ, ಎಲ್ಲರೂ ನೋಡ್ತಾರೆ" ಅನ್ನುವ ಯೋಚನೆಯನ್ನು ಹಿಡಿದು ನಿಲ್ಲಿಸುವುದು, ರಾತ್ರಿ ಎಚ್ಚರಾದರೆ ಗಡಿಯಾರ ನೋಡದಿರುವುದು, ಇಂಥವು. ಬೆವರು ಪೂರ್ತಿ ಹೋಗಿಲ್ಲ. ಈಗ ಒಗೆಯೋ ಕಲ್ಲಿನ ಹತ್ತಿರ ಹೋಗುವುದು ವಾರಕ್ಕೆ ಒಂದು ಸಲ.

ಇದನ್ನೆಲ್ಲ ಕೇಳಿದ ತಂಗಿ ಗಾಬರಿಯಾಗಿ ತಾನೂ ಮಾತ್ರೆ ನಿಲ್ಲಿಸುತ್ತೇನೆ ಅಂತ ಫೋನ್ ಮಾಡಿದಳು. ಬೇಡ ತಾಯಿ, ನಿನ್ನ ಲೆಕ್ಕವೇ ಬೇರೆ ಅಂದೆ. ಚಿಕ್ಕ ವಯಸ್ಸಿನಲ್ಲೇ ಅಂಡಾಶಯ ಹೋದವರಿಗೆ ಮೂಳೆ, ಹೃದಯ ಉಳಿಯಲು ಸಾಮಾನ್ಯವಾಗಿ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ಕೊಡುತ್ತಾರೆ. ಗರ್ಭಕೋಶ ಇಲ್ಲದವರಿಗೆ ಈಸ್ಟ್ರೋಜೆನ್ ಒಂದನ್ನೇ ಕೊಟ್ಟ ಅಮೆರಿಕದ ಅಧ್ಯಯನದಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಾಗಲೇ ಇಲ್ಲ. ನಿಲ್ಲಿಸುವುದಿದ್ದರೂ ನಿನ್ನ ಡಾಕ್ಟರನ್ನು ಕೇಳಿಯೇ ನಿಲ್ಲಿಸು ಅಂದೆ.

ಮುಂದಿನ ಸೋಮವಾರ ಹೋದಳು. ಜೊತೆಗೆ ಹೋದದ್ದು ಸರೋಜಮ್ಮನೇ, ಇಬ್ಬರ ಫೈಲೂ ಒಂದೇ ಚೀಲದಲ್ಲಿ ಇಟ್ಟುಕೊಂಡು.