ಒಂದು ವರ್ಷದ ದವಸ ಒಂಬತ್ತೇ ತಿಂಗಳಿಗೆ ಮುಗಿದದ್ದು ಹೇಗೆ?

(ಕಳೆದ ಸಂಚಿಕೆಯಲ್ಲಿ ಬಂದ ಚೀನಾದ ಶೌಚುನ್ ಮುತ್ತಿಗೆಯ ಲೇಖನ ಓದಿ ನಿವೃತ್ತ ಗಣಿತ ಮೇಷ್ಟ್ರೊಬ್ಬರು ಕೇಳಿದ್ದಾರೆ: "ದಂಗೆಯೆದ್ದ ಝೂಗೆ ದಾನ್ ಕೋಟೆಯಲ್ಲಿ ಒಂದು ವರ್ಷಕ್ಕಾಗುವಷ್ಟು ದವಸ ತುಂಬಿಸಿದ್ದ ಅಂತ ಬರೆದಿದ್ದೀರಿ. ದಂಗೆ ಶುರುವಾದದ್ದು ಕ್ರಿ.ಶ. 257ರ ಐದನೇ ತಿಂಗಳು, ಕೋಟೆ ಬಿದ್ದದ್ದು 258ರ ಎರಡನೇ ತಿಂಗಳು. ಹಾಗಾದರೆ ಹಸಿವು ಎಲ್ಲಿಂದ ಬಂತು? ಇನ್ನೊಂದು, ಮುತ್ತಿಗೆ ಹಾಕಿದ ಸಿಮಾ ಝಾವ್‌ನನ್ನು 'ದಯಾಳು' ಅಂದಿದ್ದೀರಲ್ಲ, ಒಪ್ಪುವ ಮಾತೇ?")

ಪ್ರಿಯ ಮೇಷ್ಟ್ರೇ,

ನಿಮ್ಮ ಕಳೆಯುವ ಲೆಕ್ಕ ಸರಿಯಾಗಿದೆ. ಲೇಖನ ಅಚ್ಚಿಗೆ ಹೋಗುವ ಮೊದಲು ನಾವೇ ಆ ಲೆಕ್ಕ ಹಾಕಬೇಕಿತ್ತು.

ಮೊದಲು ಬಾಯಿಗಳನ್ನು ಎಣಿಸೋಣ. ಝೂಗೆ ದಾನ್, ಸಿಮಾ ಝಾವ್ ಆಡಳಿತ ನಡೆಸುತ್ತಿದ್ದ ವೇ ರಾಜ್ಯದ ದಂಡನಾಯಕ. ಹುವಾಯ್ ನದಿಯ ಎರಡೂ ದಡಗಳಲ್ಲಿ ಬೇಸಾಯ ಮಾಡಿಕೊಂಡಿದ್ದ ಸೈನಿಕರು ಒಂದು ಲಕ್ಷಕ್ಕೂ ಜಾಸ್ತಿ ಅವನ ಕೈಕೆಳಗಿದ್ದರು. ಹೊಸದಾಗಿ ಸೇರಿದವರು ಇನ್ನೂ ನಾಲ್ಕೈದು ಸಾವಿರ ಅಲ್ಲ, ನಲವತ್ತೈವತ್ತು ಸಾವಿರ. ಸಾಲದು ಅಂತ ಮಗನನ್ನು ಒತ್ತೆ ಕಳಿಸಿ ನೆರೆಯ ವೂ ರಾಜ್ಯದ ನೆರವು ಕೇಳಿದ. ಸಿಮಾ ಝಾವ್‌ನ ಸೈನ್ಯ ಕೋಟೆಯನ್ನು ಪೂರ್ತಿ ಸುತ್ತುವ ಮೊದಲೇ ವೂ ಕಡೆಯ 30,000 ಜನ ಒಳಗೆ ನುಗ್ಗಿದರು. ಸಹಾಯಕ್ಕೆ ಬಂದವರೇನೋ ನಿಜ. ಆದರೆ ಅವರೂ ಅದೇ ಕಣಜದಿಂದಲೇ ಉಣ್ಣಬೇಕು, ಅಲ್ವಾ?

ಇದಕ್ಕಿಂತ ದೊಡ್ಡ ಕಾರಣ ನಮ್ಮ ಲೇಖನದಲ್ಲಿ ಬಿಟ್ಟೇಹೋಗಿತ್ತು. ಹೊರಗೆ 2,60,000 ಸೈನಿಕರನ್ನು ಇಟ್ಟುಕೊಂಡಿದ್ದ ಸಿಮಾ ಝಾವ್ ಬಡತನದ ನಾಟಕ ಆಡಿದ. ಕಾಯಿಲೆಯವರನ್ನು, ಸೊರಗಿದವರನ್ನು ಊಟಕ್ಕೆ ಅಂತ ನದಿಯ ಉತ್ತರಕ್ಕೆ ಕಳಿಸಿದ. ಉಳಿದವರಿಗೆ ತಲೆಗೆ ಮೂರು ಶೆಂಗ್ ಸೋಯಾ ಕಾಳು ಅಳೆದು ಕೊಟ್ಟ. ಶೆಂಗ್ ಅಂದರೆ ಆಗಿನ ಅಳತೆ, ಮೂರು ಸೇರಿದರೆ ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ವೂ ಸೈನ್ಯ ಇನ್ನೇನು ಬಂತು ಅಂತ ಗೂಢಚಾರರ ಕೈಲಿ ಸುದ್ದಿಯನ್ನೂ ಹಬ್ಬಿಸಿದ. ಒಳಗಿದ್ದವರು ನಂಬಿದರು. ಇವರ ಹೊಟ್ಟೆಗೇ ಇಲ್ಲ, ಇನ್ನೆಷ್ಟು ದಿನ ನಿಲ್ಲುತ್ತಾರೆ ಅಂತ ಧಾರಾಳವಾಗಿ ಉಂಡರು. ನೋಡನೋಡುತ್ತ ಕಣಜ ತಳ ಕಂಡಿತು. ನಿಮ್ಮ ಮೂರು ತಿಂಗಳ ದವಸ ಹೋದದ್ದು ಹೀಗೆ, ಮೇಷ್ಟ್ರೇ.

ಬರಬೇಕಿದ್ದ ವೂ ಸೈನ್ಯವೂ ಬರಲಿಲ್ಲ. ಅದರ ದವಸವನ್ನು ಸಿಮಾ ಝಾವ್ ಕಡೆಯವರು ಸುಟ್ಟುಹಾಕಿದ್ದರು. ಆ ಸೈನಿಕರು ಕಾಡುಬಳ್ಳಿಯ ಎಲೆ ತಿಂದುಕೊಂಡು ವಾಪಸ್ ಹೋದರು.

258ರ ಮೊದಲ ತಿಂಗಳಲ್ಲಿ ಒಳಗಿನವರು ಐದಾರು ದಿನ ಹಗಲೂ ರಾತ್ರಿ ಹೋರಾಡಿ ಹೊರಬರಲು ನೋಡಿದರು. ಮೇಲಿಂದ ಕಲ್ಲು, ಬೆಂಕಿಬಾಣ. ಆಗಲಿಲ್ಲ. ಆಮೇಲೆ, ಹಿಂದೆ ವೇ ಬಿಟ್ಟು ವೂ ಪಾಳಯ ಸೇರಿದ್ದ ವೆನ್ ಚಿನ್ ಒಂದು ಉಪಾಯ ಹೇಳಿದ: ಉತ್ತರದ, ಅಂದರೆ ವೇ ಸೈನಿಕರನ್ನೆಲ್ಲ ಹೊರಗೆ ಕಳಿಸೋಣ, ವೂ ಜನ ಮಾತ್ರ ಉಳಿದರೆ ದವಸ ಉಳಿಯುತ್ತದೆ. ಹಾಗಂದರೆ ಝೂಗೆ ದಾನ್ ತನ್ನವರನ್ನೇ ಕಳೆದುಕೊಳ್ಳಬೇಕು. ಮೊದಲೇ ಇಬ್ಬರಿಗೂ ಆಗುತ್ತಿರಲಿಲ್ಲ. ಅವನು ವೆನ್ ಚಿನ್‌ನನ್ನು ಕೊಂದೇಬಿಟ್ಟ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಅಪ್ಪ ಸತ್ತ ಮೇಲೆ ಮಕ್ಕಳಾದ ವೆನ್ ಯಾಂಗ್, ವೆನ್ ಹೂ ಗೋಡೆ ಹಾರಿ ಸಿಮಾ ಝಾವ್‌ಗೆ ಶರಣಾದರು. ಅಧಿಕಾರಿಗಳು ಇವರ ತಲೆ ತೆಗೆಯಿರಿ ಅಂದರು. ಸಾಯಬೇಕಾದವರೇ ಹೌದು, ಆದರೆ ಕೋಟೆ ಇನ್ನೂ ಬಿದ್ದಿಲ್ಲ, ಈಗ ಕೊಂದರೆ ಒಳಗಿನವರ ಮನಸ್ಸು ಇನ್ನಷ್ಟು ಗಟ್ಟಿಯಾಗುತ್ತದೆ ಅಂತ ಸಿಮಾ ಝಾವ್ ತಡೆದ. ನೂರಾರು ಕುದುರೆ ಸವಾರರ ಜೊತೆ ಅಣ್ಣತಮ್ಮಂದಿರನ್ನು ಕೋಟೆ ಸುತ್ತ ಓಡಾಡಿಸಿದ. ವೆನ್ ಚಿನ್‌ನ ಮಕ್ಕಳನ್ನೇ ನಾವು ಕೊಂದಿಲ್ಲ, ನಿಮಗೇನು ಭಯ ಅಂತ ಕೂಗಿಸಿದ. ಆಮೇಲೆ ಅವನೇ ಗೋಡೆಯ ಹತ್ತಿರ ಹೋಗಿ ನೋಡಿದ. ಮೇಲೆ ನಿಂತವರ ಕೈಯಲ್ಲಿ ಬಿಲ್ಲು ಇತ್ತು, ಒಬ್ಬನೂ ಬಾಣ ಬಿಡಲಿಲ್ಲ. ಇನ್ನು ನುಗ್ಗಬಹುದು ಅಂದ.

ಇದು ದಯೆಯಲ್ಲ, ಲೆಕ್ಕಾಚಾರ. 'ದಯಾಳು' ಅನ್ನುವ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇವೆ. ಆದರೆ ಒಂದು ಮಾತು ಅವನ ಪರವಾಗಿ ಹೇಳಲೇಬೇಕು. ಗೆದ್ದ ಮೇಲೆ ಸೆರೆಸಿಕ್ಕ ವೂ ಸೈನಿಕರನ್ನು ಜೀವಂತ ಹೂಳಿಬಿಡೋಣ ಅಂತ ಸಲಹೆ ಬಂತು. ಅವನು ಒಪ್ಪಲಿಲ್ಲ, ರಾಜಧಾನಿಯ ಸುತ್ತಮುತ್ತ ನೆಲೆ ಕೊಟ್ಟ. ಝೂಗೆ ದಾನ್‌ನ ಖಾಸಾ ಆಳುಗಳ ಕಥೆ ಬೇರೆ. ಒಡೆಯ ಸತ್ತ ಮೇಲೆ ನೂರಾರು ಜನರನ್ನು ಕೈಕಟ್ಟಿ ಸಾಲಾಗಿ ನಿಲ್ಲಿಸಿದರು. ಒಬ್ಬನ ತಲೆ ತೆಗೆಯುವುದು, ಮುಂದಿನವನಿಗೆ ಶರಣಾಗುತ್ತೀಯಾ ಅಂತ ಕೇಳುವುದು. ಸಾಲು ಮುಗಿಯುವವರೆಗೂ ಒಬ್ಬನೂ ಹೂಂ ಅನ್ನಲಿಲ್ಲ.

ಕೊನೆಗೆ ಮಳೆಯ ವಿಷಯ. ಶೌಚುನ್‌ಗೆ ಪ್ರತಿ ವರ್ಷ ಹುವಾಯ್ ನದಿಯ ನೀರು ನುಗ್ಗುತ್ತಿತ್ತು. ಸಿಮಾ ಝಾವ್ ಮುತ್ತಿಗೆಗಾಗಿ ಕೋಟೆ ಸುತ್ತ ಮಣ್ಣಿನ ಒಡ್ಡು ಕಟ್ಟಿಸುವುದನ್ನು ನೋಡಿ, ಇದು ತಾನಾಗೇ ಬೀಳುತ್ತೆ ಬಿಡಿ ಅಂತ ಝೂಗೆ ದಾನ್ ನಕ್ಕಿದ್ದನಂತೆ. ಆ ಸಲ ಮಳೆಯೇ ಬರಲಿಲ್ಲ. ಕೋಟೆ ಬಿದ್ದ ದಿನ ಜೋರಾಗಿ ಸುರಿದು ಒಡ್ಡೆಲ್ಲ ಕುಸಿದುಹೋಯಿತು ಅಂತ ಹಳೆಯ ಬರಹ ಹೇಳುತ್ತದೆ.

– ಸಂಪಾದಕ